ಮನೆಗೆ ಇಂಟರ್ನೆಟ್: ಯಾವ ದಾರಿಯಲ್ಲಿ ಬಂದರೆ ಅನುಕೂಲ?

ಕೇಳಿದವರು:
ಹೊಸದಾಗಿ ಸೇರಿದ ಮನೆಗೆ ಇಂಟರ್ನೆಟ್ ಸಂಪರ್ಕ ಪಡೆಯಬೇಕಾಗಿದೆ. ದೂರವಾಣಿ ತಂತಿಯ ಡಿಎಸ್‌ಎಲ್, ಟಿವಿ ಕೇಬಲ್, ಫೈಬರ್, ಸಿಮ್ ಹಾಕುವ ರೂಟರ್, ಉಪಗ್ರಹ ಎಂದು ಒಬ್ಬೊಬ್ಬರು ಒಂದೊಂದನ್ನು ಹೇಳುತ್ತಿದ್ದಾರೆ. ನನಗೆ ದಿನಕ್ಕೆ ನಾಲ್ಕಾರು ವಿಡಿಯೊ ಸಭೆಗಳಿರುತ್ತವೆ. ದೊಡ್ಡ ಕಡತಗಳನ್ನು ಕಳುಹಿಸುವ ಕೆಲಸವೂ ಇದೆ. ಇವನ್ನೆಲ್ಲ ಬಳಸಿ ನೋಡಿದವರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ:
ಡಯಲ್‌ಅಪ್ ಕಾಲದಿಂದಲೂ ಒಂದಲ್ಲ ಒಂದು ಬಗೆಯ ಸಂಪರ್ಕವನ್ನು ಬಳಸುತ್ತ ಬಂದವನು ನಾನು. ಆಗ ಮೋಡೆಮ್ ಕಿರುಗುಟ್ಟಿ ಸಂಪರ್ಕ ಸಿಕ್ಕರೆ ಸೆಕೆಂಡಿಗೆ ಹೆಚ್ಚೆಂದರೆ 56 ಕಿಲೋಬಿಟ್ ದೊರೆಯುತ್ತಿತ್ತು, ಮತ್ತು ಅಷ್ಟು ಹೊತ್ತೂ ದೂರವಾಣಿಯಲ್ಲಿ ಮಾತನಾಡುವಂತಿರಲಿಲ್ಲ. ಡಿಎಸ್‌ಎಲ್ ಅದೇ ತಾಮ್ರದ ತಂತಿಯಲ್ಲಿ, ಮಾತಿಗೆ ಬೇಕಿಲ್ಲದ ಮೇಲಿನ ಆವರ್ತನಗಳನ್ನು ಬಳಸಿಕೊಳ್ಳುವುದರಿಂದ ಮಾತೂ ಇಂಟರ್ನೆಟ್ಟೂ ಒಟ್ಟಿಗೆ ಸಾಗುತ್ತವೆ. ಆದರೆ ಆ ಆವರ್ತನಗಳು ತಾಮ್ರದಲ್ಲಿ ದೂರ ಹೋದಷ್ಟೂ ಸೊರಗುತ್ತವೆ. ಡಿಎಸ್‌ಎಲ್‌ನಲ್ಲಿ ಎಡಿಎಸ್‌ಎಲ್2+ ಎಂಬ ಬಗೆಗೆ 24 ಮೆಗಾಬಿಟ್ ಎಂದು ಹೇಳುವುದು ಎಕ್ಸ್‌ಚೇಂಜಿಗೆ ತೀರ ಹತ್ತಿರವಿರುವವರಿಗೆ ಮಾತ್ರ ಸಲ್ಲುತ್ತದೆ. ನಾಲ್ಕೈದು ಕಿಲೋಮೀಟರ್ ಆಚೆಗೆ ಅದರ ಸಣ್ಣದೊಂದು ಪಾಲು ಉಳಿದರೆ ಹೆಚ್ಚು.

ನಮ್ಮ ಮನೆಯಲ್ಲಿ ಮಳೆ ಬಂದಾಗಲೆಲ್ಲ ಡಿಎಸ್‌ಎಲ್ ಕಡಿದು ಕಡಿದು ಬರುತ್ತಿತ್ತು. ಎರಡು ಮೋಡೆಮ್ ಬದಲಾಯಿಸಿದರೂ ಸರಿಹೋಗಲಿಲ್ಲ. ಕೊನೆಗೆ ದುರಸ್ತಿಗೆ ಬಂದವರು ಹೊರಗೋಡೆಯ ಮೇಲಿದ್ದ ಪುಟ್ಟ ಪೆಟ್ಟಿಗೆಯನ್ನು ತೆರೆದಾಗ, ತಂತಿಯ ಜೋಡಣೆಗೆ ಹಸಿರು ಕಿಲುಬು ಹಿಡಿದು ಒಂದು ಎಳೆ ಪುಡಿಪುಡಿಯಾಗಿತ್ತು. ಅದನ್ನು ಕತ್ತರಿಸಿ, ಹೊಸದಾಗಿ ಸುಲಿದು ಜೋಡಿಸಿದ ಮೇಲೆ ಮಳೆಯ ಕಾಟ ನಿಂತಿತು.

ತಾವು ಕಡತಗಳನ್ನು ಕಳುಹಿಸುವವರಾದ್ದರಿಂದ ಇದೊಂದು ಲೆಕ್ಕವನ್ನು ದಯವಿಟ್ಟು ಗಮನಿಸಿ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಇಳಿಸಿಕೊಳ್ಳುವ ವೇಗ. ಏರಿಸುವ ವೇಗ ಬೇರೆಯೇ ಇರುತ್ತದೆ. ಎಡಿಎಸ್‌ಎಲ್‌ನಲ್ಲಿ ಅದು ಸುಮಾರು 1 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್ ಆಗುವುದರಿಂದ, 1 ಗಿಗಾಬೈಟ್ ಕಡತ ಆ ದಾರಿಯಲ್ಲಿ ಹೋಗಲು ಎರಡು ಗಂಟೆಗೂ ಮೇಲೆ ಬೇಕು. ಏರಿಸುವ ವೇಗ 50 ಮೆಗಾಬಿಟ್ ಇದ್ದರೆ ಮೂರು ನಿಮಿಷದೊಳಗೆ ಹೋಗುತ್ತದೆ.

ಈಗ ನನ್ನಲ್ಲಿರುವುದು ಫೈಬರ್, ಸಿಗುವ ಕಡೆಯಲ್ಲೆಲ್ಲ ಅದನ್ನೇ ಆರಿಸಿಕೊಳ್ಳಿ ಎಂದು ಧೈರ್ಯವಾಗಿ ಹೇಳುತ್ತೇನೆ. ಕೂದಲೆಳೆಯಷ್ಟು ತೆಳ್ಳನೆಯ ಗಾಜಿನಲ್ಲಿ ಬೆಳಕು ಹರಿಯುವುದರಿಂದ ಕಿಲುಬಿನ ಮಾತೇ ಇಲ್ಲ, ಕೆಲವು ಕಿಲೋಮೀಟರ್ ದೂರವೂ ಲೆಕ್ಕಕ್ಕಿಲ್ಲ. ಹೆಚ್ಚು ಬಳಕೆಯಲ್ಲಿರುವ ಜಿಪಾನ್ ಎಂಬ ಏರ್ಪಾಡಿನಲ್ಲಿ ಒಂದು ಎಳೆಯ ಸುಮಾರು 2.5 ಗಿಗಾಬಿಟ್ಟನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಹಂಚುವ ಸ್ಪ್ಲಿಟರಿಗೆ ವಿದ್ಯುತ್ ಬೇಕಿಲ್ಲ. ಆದ್ದರಿಂದ ಕರೆಂಟ್ ಹೋದಾಗ ಗಾಜಿನ ಎಳೆ ಬಂದು ಸೇರುವ ಮನೆಯೊಳಗಿನ ಪೆಟ್ಟಿಗೆಗೂ ರೂಟರಿಗೂ ಒಂದು ಸಣ್ಣ ಬ್ಯಾಟರಿ ಒದಗಿಸಿದರೆ ಬಹಳ ಸಲ ಕೆಲಸ ನಿಲ್ಲುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಗಾಜಿನ ಎಳೆಯನ್ನು ಚೂಪಾಗಿ ಮಡಿಸಬಾರದು. ಬೀರುವನ್ನು ಗೋಡೆಗೆ ಒತ್ತಿ ಸರಿಸಿದ ದಿನ ನಮ್ಮ ಪೆಟ್ಟಿಗೆಯಲ್ಲಿ, ಬೆಳಕಿನ ಸಂಕೇತ ತಪ್ಪಿದೆ ಎಂದು ತಿಳಿಸುವ ಎಲ್‌ಒಎಸ್ ಎಂಬ ಕೆಂಪು ದೀಪ ಹತ್ತಿತು. ಬೀರುವನ್ನು ಎರಡು ಅಂಗುಲ ಮುಂದಕ್ಕೆ ಎಳೆದು ಎಳೆಯನ್ನು ಸಡಿಲಿಸಿದ ಕೂಡಲೇ ಆರಿತು.

ಎರಡನೆಯ ಉತ್ತರ:
ಟಿವಿ ಕೇಬಲ್ಲಿನ ಸಂಪರ್ಕವನ್ನು ನಾನು ಮೂರು ವರ್ಷ ಬಳಸಿದ್ದೇನೆ. ಬೆಳಗಿನ ಹೊತ್ತು ಚೆನ್ನಾಗಿರುತ್ತಿತ್ತು. ಆಸುಪಾಸಿನವರೆಲ್ಲ ಒಂದೇ ಕೇಬಲ್ಲನ್ನು ಹಂಚಿಕೊಳ್ಳುವುದರಿಂದ ಸಂಜೆ ಕುಗ್ಗುತ್ತಿತ್ತು. ಬೇಡವೆನ್ನುವಷ್ಟು ಕೆಟ್ಟದ್ದಲ್ಲ.

ತಂತಿ ಬಾರದ ಕಡೆ ಸಿಮ್ ರೂಟರ್ ಒಳ್ಳೆಯ ಆಸರೆ. ಅದನ್ನು ಎಲ್ಲಿಡುತ್ತೀರಿ ಎಂಬುದರ ಮೇಲೆ ಮುಕ್ಕಾಲು ಪಾಲು ನಿಂತಿದೆ. ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಆರ್‌ಎಸ್‌ಆರ್‌ಪಿ ಎಂಬ ಋಣಸಂಖ್ಯೆ ಕಾಣುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಸಂಕೇತ ಬಲವಾಗಿದೆ ಎಂದರ್ಥ. ನಡುಮನೆಯ ಕಪಾಟಿನಲ್ಲಿ -112 ಇದ್ದದ್ದು ಕಿಟಕಿಯ ಬಳಿ -95 ಆಯಿತು, ಮುಗ್ಗರಿಸುತ್ತಿದ್ದ ವಿಡಿಯೊ ಕರೆಗಳು ಅಂದಿನಿಂದ ಸರಾಗವಾದವು. ಆದರೆ ಮೊಬೈಲ್ ಜಾಲದಲ್ಲಿ ಸಾಮಾನ್ಯವಾಗಿ ಹಲವು ಗ್ರಾಹಕರಿಗೆ ಒಂದೇ ಸಾರ್ವಜನಿಕ ಐಪಿ ವಿಳಾಸವಿರುವುದರಿಂದ, ಮನೆಯಲ್ಲಿರುವ ಕಂಪ್ಯೂಟರನ್ನು ಹೊರಗಿನಿಂದ ನೇರವಾಗಿ ತಲುಪುವುದು ಕಷ್ಟ. ತಮ್ಮ ಕೆಲಸಕ್ಕೆ ಅದು ಬೇಕಿದ್ದರೆ ಮೊದಲೇ ಕೇಳಿಕೊಳ್ಳಿ.

ಉಪಗ್ರಹದಲ್ಲಿ ಎರಡು ಬಗೆಗಳಿವೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಪ್ರಶ್ನೆ ಮೇಲೆ ಹೋಗಿ ಕೆಳಗಿಳಿದು, ಉತ್ತರ ಅದೇ ದಾರಿಯಲ್ಲಿ ಮರಳುವಷ್ಟರಲ್ಲಿ ಬೆಳಕಿನ ವೇಗದಲ್ಲಿಯೂ ಹೆಚ್ಚುಕಡಿಮೆ ಅರ್ಧ ಸೆಕೆಂಡು ಕಳೆಯುತ್ತದೆ. ಎಷ್ಟು ಮೆಗಾಬಿಟ್ ಕೊಟ್ಟರೂ ಆ ತಡವನ್ನು ಕಡಿಮೆ ಮಾಡಲಾಗದು. ಸಭೆಯಲ್ಲಿ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ ಇಬ್ಬರೂ ಒಟ್ಟಿಗೆ ನಿಲ್ಲಿಸುವಂತಾಗುತ್ತದೆ. ಸ್ಟಾರ್‌ಲಿಂಕ್‌ನಂಥ ಕೆಳಕಕ್ಷೆಯ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಅವುಗಳಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಆದರೆ ಆಂಟೆನಾಕ್ಕೆ ಆಕಾಶ ತೆರೆದು ಕಾಣಬೇಕು. ಒಂದು ಮರದ ಕೊಂಬೆ ಅಡ್ಡವಿದ್ದರೂ ಆಗಾಗ ಕೆಲವು ಸೆಕೆಂಡು ಸಂಪರ್ಕ ತಪ್ಪಬಹುದು.

ಮೂರನೆಯ ಉತ್ತರ:
ಮನೆಯವರೆಗೆ ಬರುವ ದಾರಿಯ ಜೊತೆಗೆ ಮನೆಯೊಳಗಿನ ದಾರಿಯನ್ನೂ ನೋಡಿಕೊಳ್ಳಿ. ವೈಫೈ ಎಂಬುದು ಇಂಟರ್ನೆಟ್ ಸಂಪರ್ಕವಲ್ಲ; ರೂಟರಿನಿಂದ ಸಾಧನದವರೆಗಿನ ಕೊನೆಯ ನೆಗೆತ ಮಾತ್ರ. ವೈಫೈಯ 5 ಗಿಗಾಹರ್ಟ್ಸ್ ತರಂಗಪಟ್ಟಿ ವೇಗವಾದದ್ದು, ಆದರೆ ಗೋಡೆಗಳನ್ನು ದಾಟುವಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಗಿಂತ ದುರ್ಬಲ. ಸಭೆಗಳಿಗೆ ಕೂರುವ ಮೇಜಿನವರೆಗೆ ಈಥರ್ನೆಟ್ ತಂತಿ ಎಳೆಯುವುದು ಎಲ್ಲಕ್ಕಿಂತ ಉತ್ತಮ. ನನಗೆ 300 ಮೆಗಾಬಿಟ್ ಸಂಪರ್ಕವಿದ್ದೂ ತಿಂಗಳುಗಟ್ಟಲೆ 94ರ ಆಸುಪಾಸಿನಲ್ಲೇ ನಿಂತಿತ್ತು, ನಾನು ಸಂಪರ್ಕ ಕೊಟ್ಟವರನ್ನೇ ದೂರುತ್ತಿದ್ದೆ. ತಪ್ಪು ನನ್ನ ತಂತಿಯಲ್ಲಿತ್ತು. ಈಥರ್ನೆಟ್ ತಂತಿ ಗಿಗಾಬಿಟ್ (1000 ಮೆಗಾಬಿಟ್) ವೇಗದಲ್ಲಿ ಕೆಲಸ ಮಾಡಲು ಒಳಗಿನ ನಾಲ್ಕು ಜೋಡಿ ಎಳೆಗಳೂ ಬೇಕು. ಒಂದು ಎಳೆ ತುಂಡಾಗಿದ್ದರೂ ಎರಡು ಜೋಡಿ ಸಾಕಾಗುವ 100 ಮೆಗಾಬಿಟ್‌ಗೆ ಅದು ತಾನಾಗಿ ಇಳಿದುಬಿಡುತ್ತದೆ. ತುದಿಯ ಪ್ಲಗ್ಗನ್ನು ಬೆಳಕಿಗೆ ಹಿಡಿದಾಗ ಕಂದು ಬಣ್ಣದ ಎಳೆ ಪಿನ್ನಿಗೆ ತಾಗದೆ ಹಿಂದೆಯೇ ಉಳಿದಿರುವುದು ಕಣ್ಣಿಗೆ ಬಿತ್ತು.

ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ವಿಚಾರಿಸಿದಾಗ "ಫೈಬರ್ ನಿಮ್ಮ ಬೀದಿಯವರೆಗೆ ಬಂದಿದೆ" ಎಂದರು. ಅಂದರೆ ನನಗೆ ಸಿಗುವುದು ಫೈಬರ್ ಎಂದೇ ಅರ್ಥವೇ?

ಮೊದಲ ಉತ್ತರ ಕೊಟ್ಟವರು:
ಹಾಗೆಂದೇ ತಿಳಿಯಬೇಡಿ. ಬೀದಿಯ ಪೆಟ್ಟಿಗೆಯವರೆಗೆ ಗಾಜು ಬಂದು, ಅಲ್ಲಿಂದ ಮನೆಗೆ ಹಳೆಯ ತಾಮ್ರದಲ್ಲೇ ವಿಡಿಎಸ್‌ಎಲ್ ಎಂಬ ಇನ್ನೊಂದು ಬಗೆಯ ಡಿಎಸ್‌ಎಲ್ ಕೊಡುವ ಏರ್ಪಾಡೂ ಇದೆ. ತಾಮ್ರದ ದೂರ ಕೆಲವೇ ನೂರು ಮೀಟರ್ ಇದ್ದರೆ ಅದು ಎಡಿಎಸ್‌ಎಲ್‌ಗಿಂತ ಎಷ್ಟೋ ಮೇಲು, ಆದರೂ ಫೈಬರ್ ಅಲ್ಲ. ಗಾಜಿನ ಎಳೆ ಮನೆಯ ಒಳಗೆ ಬರುತ್ತದೆಯೇ, ಏರಿಸುವ ವೇಗ ಎಷ್ಟು ಎಂಬ ಎರಡು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆದುಕೊಂಡು, ಆಮೇಲೆ ಒಪ್ಪಿಗೆ ಕೊಡಿ.