ಒಂದೇ ಆರ್‌ಪಿಸಿ ಸರ್ವರ್, 14 ಕೌಂಟರ್: ಸೆಷನ್ ಬೇರೆ ಬೇರೆ ಇಡೋದು ಹ್ಯಾಂಗ?

ಪ್ರಶ್ನೆ (ಕಲಬುರಗಿ): ತೊಗರಿ ಖರೀದಿ ಅಂಗಳದ 14 ತೂಕದ ಕೌಂಟರ್‌ಗಳಿಗೆ ಪೈಥಾನ್‌ನಾಗ ಜಿಆರ್‌ಪಿಸಿ (ಒಂದು ಯಂತ್ರದ ಪ್ರೋಗ್ರಾಮ್ ಇನ್ನೊಂದು ಯಂತ್ರದ ಫಂಕ್ಷನ್ ಕರೆಯೋ ಆರ್‌ಪಿಸಿ ವ್ಯವಸ್ಥೆ) ಸರ್ವರ್ ಬರ್ದೀವಿ. 'ಪಟ್ಟಿ ಶುರು', 'ಚೀಲ ಸೇರಿಸು', 'ಪಟ್ಟಿ ಮುಗಿಸು' ಅಂತ ಮೂರು ಕರೆ ಅವ. ಯಾವ ಕೌಂಟರ್ ಅಂತ ಗುರುತು ಹಿಡಿಲಿಕ್ಕೆ ಪೀರ್ ವಿಳಾಸದ (ಕರೆ ಮಾಡಿದ ಕಡೆಯ ವಿಳಾಸ) ಐಪಿ ನೋಡ್ತೀವಿ. ಆಫೀಸ್‌ನಾಗ ಟೆಸ್ಟ್ ಮಾಡಿದಾಗ ಬರೋಬ್ಬರಿ ಇತ್ತು. ಅಂಗಳದಾಗ 3ನೇ ಕೌಂಟರಿನ ಚೀಲ 7ನೇದರ ಪಟ್ಟಿಗೆ ಹೋಗ್ಲತ್ತಾವ. ಇನ್ನೊಂದು, ದರ ತೋರಿಸೋ ಸ್ಟ್ರೀಮ್ (ಒಂದೇ ಕರೆ ತೆರೆದಿಟ್ಟು ಉತ್ತರ ಕಳಿಸ್ತಾ ಇರೋದು) ಹಚ್ಚೀವಿ. ಏಳೆಂಟು ಕೌಂಟರ್ ತನಕ ಚಲೋ ನಡೀತದ, ಎಲ್ಲಾ ತೆರೆದ ಕೂಡ್ಲೇ ನಿಂತುಬಿಡ್ತದ. ಎರರ್ ಸೈತ ಇಲ್ಲ.

ಉತ್ತರ: ಎರಡೂ ಬೇರೆ ಬೇರೆ ರೋಗ. ಕೌಂಟರ್‌ಗಳೆಲ್ಲ ಒಂದೇ ರೂಟರ್ ಹಿಂದೆ ಇದ್ದು ಸರ್ವರ್ ಹೊರಗಿದ್ದರೆ, ಅದಕ್ಕೆ 14ಕ್ಕೂ ಕಾಣುವುದು ಒಂದೇ ಐಪಿ. ಪೋರ್ಟ್ ಸೇರಿಸಿ ನೋಡೋಣ ಎನ್ನಬೇಡಿ: ಲೈನ್ ಕಡಿದು ಮತ್ತೆ ಕೂಡಿದರೆ ಪೋರ್ಟ್ ಬದಲು, ಮಧ್ಯೆ ಪ್ರಾಕ್ಸಿ ಇದ್ದರೆ ಕಾಣುವುದು ಪ್ರಾಕ್ಸಿಯ ವಿಳಾಸ. ಒಂದೇ ಪ್ರೋಗ್ರಾಮಿನಲ್ಲಿ ಅದೇ ಗುರಿಗೆ ಎರಡು ಚಾನೆಲ್ (ಸರ್ವರಿಗೆ ಕರೆ ಮಾಡುವ ದಾರಿ) ತೆರೆದರೂ ಅವು ಒಳಗೆ ಒಂದೇ ಟಿಸಿಪಿ ಸಂಪರ್ಕ ಹಂಚಿಕೊಳ್ಳಬಹುದು. ಜಿಆರ್‌ಪಿಸಿಯಲ್ಲಿ ಸಂಪರ್ಕವೇ ಸೆಷನ್ (ಇಲ್ಲಿ ಒಂದು ಪಟ್ಟಿಯ ಶುರುವಿನಿಂದ ಮುಗಿಯುವ ತನಕದ ಕೆಲಸ) ಅಲ್ಲ.

'ಪಟ್ಟಿ ಶುರು' ಕರೆಗೆ ಸರ್ವರ್ 32 ಬೈಟಿನ ಯಾದೃಚ್ಛಿಕ ಟೋಕನ್ (ಗುರುತಿನ ಚೀಟಿ) ಕೊಡಲಿ. ಮುಂದಿನ ಪ್ರತಿ ಕರೆಯ ಮೆಟಾಡೇಟಾದಲ್ಲಿ (ಕರೆಯ ಜೊತೆ ಹೋಗುವ ಕೀ-ಮೌಲ್ಯ ಜೋಡಿಗಳು) ಅದು ಬರಲಿ. ಕೀ ಹೆಸರು ಸಣ್ಣಕ್ಷರದಲ್ಲೇ ಇರಬೇಕು, ದೊಡ್ಡಕ್ಷರ ಹಾಕಿದರೆ ಕ್ಲೈಂಟ್ (ಕೌಂಟರ್) ಕಡೆಯೇ ಕರೆ ಬಿದ್ದುಹೋಗುತ್ತದೆ. ಟೋಕನ್ ಇಲ್ಲದ ಕರೆಗೆ ಅನ್‌ಆಥೆಂಟಿಕೇಟೆಡ್ (ಗುರುತು ಸಿಗಲಿಲ್ಲ) ಎಂದು ವಾಪಸ್ ಕಳಿಸಿ.

ಕರೆಗಳಿಗೆ ಉತ್ತರಿಸುವ ಸರ್ವಿಸರ್ ಆಬ್ಜೆಕ್ಟ್ ಇಡೀ ಸರ್ವರಿಗೆ ಒಂದೇ ಎಂಬುದನ್ನೂ ನೋಡಿಕೊಳ್ಳಿ. 'ಸೆಲ್ಫ್' (ಆ ಆಬ್ಜೆಕ್ಟ್) ಮೇಲೆ ಈಗಿನ ಪಟ್ಟಿ ಇಟ್ಟಿದ್ದರೆ ಟೋಕನ್ ಹಾಕಿದರೂ ಬೆರಕೆ ನಿಲ್ಲುವುದಿಲ್ಲ. ಟೋಕನ್‌ನಿಂದ ಪಟ್ಟಿಗೆ ಡಿಕ್ಷನರಿ ಇಡಿ. ಡಿಕ್ಷನರಿಗೊಂದು ಲಾಕ್ (ಒಂದು ಸಲಕ್ಕೆ ಒಂದೇ ಕರೆ ಮುಟ್ಟುವಂತೆ ತಡೆ), ಪ್ರತಿ ಪಟ್ಟಿಗೆ ಅದರದೇ ಲಾಕ್. ಮೊದಲನೆಯದನ್ನು ಹುಡುಕುವಷ್ಟು ಹೊತ್ತು ಮಾತ್ರ ಹಿಡಿಯಿರಿ. ಡೇಟಾಬೇಸ್‌ಗೆ ಬರೆಯುವಾಗಲೂ ಹಿಡಿದಿದ್ದರೆ 14 ಕೌಂಟರೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ನಿಂತುಬಿಡುವುದಕ್ಕೆ ಕಾರಣ ಥ್ರೆಡ್ ಪೂಲ್, ಅಂದರೆ ಕರೆಗಳನ್ನು ನಡೆಸುವ ಥ್ರೆಡ್‌ಗಳ ಮಿತ ಗುಂಪು. ಉದಾಹರಣೆ ಕೋಡಿನಿಂದ ಮ್ಯಾಕ್ಸ್ ವರ್ಕರ್ಸ್ (ಥ್ರೆಡ್‌ಗಳ ಗರಿಷ್ಠ ಸಂಖ್ಯೆ) 10 ಹಾಗೇ ಬಂದಿರಬೇಕು. ತೆರೆದ ಒಂದೊಂದು ಸ್ಟ್ರೀಮೂ ಮುಗಿಯುವ ತನಕ ಒಂದು ಥ್ರೆಡ್ ಹಿಡಿದಿರುತ್ತದೆ. ಹತ್ತು ಸ್ಟ್ರೀಮ್ ಆದ ಮೇಲೆ ಚೀಲ ಸೇರಿಸುವ ಕರೆಗೂ ಥ್ರೆಡ್ ಸಿಗದು, ಕರೆ ಸರದಿಯಲ್ಲಿ ಕಾಯುತ್ತದೆ. ಡೆಡ್‌ಲೈನ್ (ಉತ್ತರಕ್ಕೆ ಕಾಯುವ ಗಡುವು) ಇಟ್ಟಿಲ್ಲ, ಅದಕ್ಕೇ ಎರರ್ ಇಲ್ಲ. ಸದ್ಯಕ್ಕೆ ಮ್ಯಾಕ್ಸ್ ವರ್ಕರ್ಸ್ 32 ಮಾಡಿ, ಸಣ್ಣ ಕರೆಗಳಿಗೆ 5 ಸೆಕೆಂಡಿನ ಡೆಡ್‌ಲೈನ್ ಹಾಕಿ. ಕೌಂಟರ್ ಹೆಚ್ಚಾಗುವಂತಿದ್ದರೆ ಅಸಿಂಕ್ ಆವೃತ್ತಿಗೆ (ಸ್ಟ್ರೀಮಿಗೊಂದು ಥ್ರೆಡ್ ಬೇಡದ್ದು) ಹೋಗುವುದೇ ಸರಿ.

ಮರುಪ್ರಶ್ನೆ: ಕರೆಂಟ್ ಹೋಗಿ ಕೌಂಟರ್ ಬಂದ್ ಆದ್ರ? ಸಂಪರ್ಕ ಕಡಿದ ಕೂಡ್ಲೇ ಪಟ್ಟಿ ಅಳಿಸ್ಬೇಕೇನ್ರಿ?

ಉತ್ತರ: ಅಳಿಸಬೇಡ್ರಿ! ಅರ್ಧ ಲಾರಿ ತೂಗಿದ ಲೆಕ್ಕ ಹೋಗುತ್ತದೆ. ಕರೆಂಟ್ ಹೋದ ಯಂತ್ರ ಸರ್ವರಿಗೆ ಏನೂ ಹೇಳಿ ಹೋಗುವುದಿಲ್ಲ. ಕೀಪ್‌ಅಲೈವ್ (ಆ ಕಡೆ ಇನ್ನೂ ಇದೆಯೇ ಎಂದು ಪಿಂಗ್ ಕಳಿಸಿ ನೋಡುವುದು) ಪೂರ್ವನಿಯೋಜಿತ ಅವಧಿ ಸರ್ವರ್ ಕಡೆ 2 ಗಂಟೆ, ಅಲ್ಲಿಯವರೆಗೂ ಆ ಸ್ಟ್ರೀಮಿನ ಥ್ರೆಡ್ ಸಿಕ್ಕಿಕೊಂಡಿರಬಹುದು. ಸರ್ವರಿನಲ್ಲಿ 60 ಸೆಕೆಂಡಿಗೆ ಇಳಿಸಿ. ಕ್ಲೈಂಟ್ ಕಡೆ ಅದೇ ಹಾಕಬೇಡಿ: ಡೇಟಾ ಇಲ್ಲದಾಗ 5 ನಿಮಿಷಕ್ಕಿಂತ ಬೇಗ ಬೇಗ ಪಿಂಗ್ ಬಂದರೆ ಸರ್ವರ್ 'ಟೂ ಮೆನಿ ಪಿಂಗ್ಸ್' ಎಂದು ಸಂಪರ್ಕವನ್ನೇ ಮುಚ್ಚುತ್ತದೆ. ಪಟ್ಟಿಯ ಆಯಸ್ಸು ಬೇರೆ ಲೆಕ್ಕ. ಕೊನೆಯ ಕರೆಯಿಂದ 30 ನಿಮಿಷವೋ ಒಂದು ಗಂಟೆಯೋ, ನಿಮ್ಮ ಕೆಲಸ ನೋಡಿ ಇಡಿ. ಟೋಕನ್ ಕೌಂಟರಿನ ಡಿಸ್ಕಿನಲ್ಲಿದ್ದರೆ ಕರೆಂಟ್ ಬಂದ ಮೇಲೆ ಅದೇ ಪಟ್ಟಿ ಮುಂದುವರಿಯುತ್ತದೆ. ಸರ್ವರೇ ರೀಸ್ಟಾರ್ಟ್ ಆದರೂ ಉಳಿಯಬೇಕೆಂದರೆ ಡಿಕ್ಷನರಿ ಸಾಲದು, ಡೇಟಾಬೇಸೇ ಬೇಕು.

ಇನ್ನೊಬ್ಬರ ಉತ್ತರ (ಬೀದರ್): ಡೆಡ್‌ಲೈನ್ ಹಾಕ್ರಿ ಅಂದಾರ, ಖರೆ. ಆದ್ರ ಡೆಡ್‌ಲೈನ್ ಮೀರಿತು ಅಂದ್ರ ಸರ್ವರ್ ಕೆಲಸ ಮಾಡಿಲ್ಲ ಅಂತಲ್ಲ. ಬರೆದು, ಉತ್ತರ ಮಾತ್ರ ತಡ ಆಗಿರ್ಬಹುದು. ಕೌಂಟರ್ ಮತ್ತೆ ಕಳಿಸಿದ್ರ ಒಂದೇ ಚೀಲ ಎರಡು ಸಲ ಕೂಡ್ತದ. ಪ್ರತಿ ಚೀಲಕ್ಕ ಕೌಂಟರಿನಾಗೇ ಒಂದು ಯುಯುಐಡಿ (ಮತ್ತೆಲ್ಲೂ ಬರದಂಥ ಗುರುತು ಸಂಖ್ಯೆ) ಹುಟ್ಟಿಸಿ, ಟೇಬಲ್‌ನಾಗ ಅದಕ್ಕ ಯೂನಿಕ್ ಇಂಡೆಕ್ಸ್ (ಅದೇ ಮತ್ತೆ ಸೇರದಂಗ ತಡೆಯೋದು) ಹಾಕ್ರಿ. ಎರಡನೇ ಸಲ ಬಂದ್ರ ಎರರ್ ಕೊಡಬ್ಯಾಡ್ರಿ, ಮೊದಲಿನ ಉತ್ತರನೇ ತಿರುಗಿ ಕೊಡ್ರಿ. ಮರುಕಳಿಸುವಾಗ ಹೊಸ ಯುಯುಐಡಿ ಹುಟ್ಟಿಸಿದ್ರ ಇಷ್ಟೆಲ್ಲಾ ಮಾಡಿದ್ದು ವ್ಯರ್ಥ. ಕಳಿಸೋಕಿಂತ ಮೊದಲೇ ಡಿಸ್ಕ್‌ಗೆ ಬರ್ದಿಟ್ಟು, ಉತ್ತರ ಬಂದ ಮ್ಯಾಲೆ ಅಳಿಸ್ರಿ.