ಅಪ್ಪನ ಕಿಡ್ನಿ ಫೇಲ್, ಕ್ರಿಯಾಟಿನಿನ್ 6.8. ಡಯಾಲಿಸಿಸ್‌ಗೆ ಫಿಸ್ಟುಲಾ ಈಗಲೇ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ

ಮುಲುಂಡ್ ಮಗ:
ಅಪ್ಪನಿಗೆ 64. ಇಪ್ಪತ್ತು ವರ್ಷದ ಶುಗರ್. ರಕ್ತದಲ್ಲಿ ಉಳಿದ ಕಸದ ಅಳತೆ ಕ್ರಿಯಾಟಿನಿನ್ 6.8ಕ್ಕೆ ಏರಿದೆ, ಕಿಡ್ನಿ ಸೋಸುವ ಶಕ್ತಿಯ ಅಳತೆ ಇಜಿಎಫ್‌ಆರ್ 8ಕ್ಕೆ ಇಳಿದಿದೆ. ಮುಂದೆ ಡಯಾಲಿಸಿಸ್ ಸೂಜಿ ಚುಚ್ಚಲು ಎಡಗೈಯ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿಸಿ ಇಟ್ಟುಕೊಳ್ಳಿ ಅಂತ ಡಾಕ್ಟರು ಹೇಳುತ್ತಾರೆ. "ಮೂತ್ರ ಚೆನ್ನಾಗೇ ಹೋಗ್ತಾ ಇದೆ, ಕೈ ಯಾಕೆ ಕೊಯ್ಸಿಕೊಳ್ಳಲಿ" ಅಂತ ಅಪ್ಪ. ಊರಿಂದ ಚಿಕ್ಕಪ್ಪ ಕಷಾಯ ಕಳಿಸುತ್ತಾರಂತೆ. ಕ್ಯಾಂಟೀನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಕಾಯಬಹುದಾ?

ಡೊಂಬಿವಲಿ ಫಾಸ್ಟ್:
ಕಾದವನ ಕಥೆ ಕೇಳಿ. ನಾನೂ "ಮೂತ್ರ ಹೋಗ್ತಾ ಇದೆ" ಗಿರಾಕಿಯೇ. ಹೋಗುವುದು ನೀರು, ಕಸ ಒಳಗೇ ಉಳಿಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಎಂಟು ತಿಂಗಳು ಮುಂದೂಡಿದೆ. ಒಂದು ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದೆ. ಡೈರಿಯಲ್ಲಿ ಬರೆದಿಟ್ಟಿದ್ದೇನೆ: ತುರ್ತು ಡಯಾಲಿಸಿಸ್‌ಗೆ ಕುತ್ತಿಗೆಗೆ ಹಾಕಿದ ನಳಿಕೆ (ಕ್ಯಾಥೆಟರ್) 9,500. ಮೂರೇ ವಾರಕ್ಕೆ ಅದು ಕಟ್ಟಿಕೊಂಡಿತು. ಎದೆಗೆ ಹೆಚ್ಚು ದಿನ ಇರುವ ನಳಿಕೆ, ಪರ್ಮಕ್ಯಾತ್, 38,000. ಅದಕ್ಕೆ ಸೋಂಕು. ಡಯಾಲಿಸಿಸ್ ಶುರುವಾಗಿ ಅರ್ಧ ಗಂಟೆಗೆ ಹಲ್ಲು ಕಟಕಟ ಅನ್ನುವ ಚಳಿ, ಮೂರು ಕಂಬಳಿ ಹೊದಿಸಿದರೂ ಮಂಚ ನಡುಗುತ್ತಿತ್ತು. ಐಸಿಯು ಆರು ದಿನ, 2,84,000. ಇನ್ಶೂರೆನ್ಸಿನವರು ಹಳೇ ಕಾಯಿಲೆ ಅಂತ ಅದರಲ್ಲಿ 90,000 ಕಡಿದರು. ಇಷ್ಟೆಲ್ಲ ಆದ ಮೇಲೆ ಫಿಸ್ಟುಲಾ, 32,000. ಅದು ಸೂಜಿಗೆ ತಯಾರಾಗಲು ಮತ್ತೆ ಎರಡು ತಿಂಗಳು. ಮೊದಲೇ ಮಾಡಿಸಿದ್ದರೆ ಡೈರಿಯಲ್ಲಿ ಆ ಕೊನೆಯ ಸಾಲು ಒಂದೇ ಇರುತ್ತಿತ್ತು.
ಈಗ ರಾತ್ರಿ ಆ ಕೈಯನ್ನು ಕಿವಿಯ ಹತ್ತಿರ ತಂದರೆ ಗುಂಯ್ ಅನ್ನುತ್ತದೆ, ಪಕ್ಕದ ಮನೆಯಲ್ಲಿ ಮಿಕ್ಸರ್ ಓಡಿದ ಹಾಗೆ. ಹೆಂಡತಿಗೆ ಕಿರಿಕಿರಿ. ನನಗೆ ಅದನ್ನು ಕೇಳದೆ ನಿದ್ದೆ ಬರುವುದಿಲ್ಲ. ಗುಂಯ್ ನಿಂತಿತು ಅಂದರೆ ಫಿಸ್ಟುಲಾ ಹೋಯಿತು ಅಂತಲೇ ಲೆಕ್ಕ.

ಹಡಪ್ಸರ್ ಅಕ್ಕ:
ಎಲ್ಲರೂ ಸೂಜಿಯ ಕಡೆಗೇ ಯಾಕೆ ಓಡುತ್ತೀರಿ? ನಮ್ಮ ಮನೆಯವರದು ನಾಲ್ಕು ವರ್ಷದಿಂದ ಸಿಎಪಿಡಿ, ಮನೆಯಲ್ಲೇ ಹೊಟ್ಟೆಯೊಳಗೆ ಮಾಡುವ ಡಯಾಲಿಸಿಸ್. ಹೊಟ್ಟೆಗೆ ನಳಿಕೆ, ದಿನಕ್ಕೆ ನಾಲ್ಕು ಸಲ ಎರಡು ಲೀಟರ್ ದ್ರವದ ಬ್ಯಾಗು ಒಳಗೆ ಬಿಟ್ಟು ಹೊರಗೆ ತೆಗೆಯುವುದು. ಬದಲಿಸುವಾಗ ಫ್ಯಾನ್ ಬಂದ್, ಬಾಗಿಲು ಬಂದ್, ಬಾಯಿಗೆ ಮಾಸ್ಕು, ಅದೂ ಮೇ ತಿಂಗಳಲ್ಲಿ. ಬ್ಯಾಗಿಗೆ 270ರಂತೆ ತಿಂಗಳಿಗೆ 32,400. ಒಂದೇ ಸಲ ಎಡವಿದೆವು. ಗೌರಿ ಹಬ್ಬದ ಗಡಿಬಿಡಿಯಲ್ಲಿ ಕೈ ಸರಿಯಾಗಿ ತೊಳೆಯಲಿಲ್ಲ. ಮೂರನೇ ದಿನ ಹೊರಗೆ ಬಂದ ನೀರು ಅಕ್ಕಿ ತೊಳೆದ ನೀರಿನ ಹಾಗೆ, ಸೋಂಕು. ಹದಿನಾಲ್ಕು ದಿನ ಬ್ಯಾಗಿಗೇ ಆಂಟಿಬಯಾಟಿಕ್ ಹಾಕಿದರು, 61,000 ಹೋಯಿತು.
ಆದರೂ ಧಾರವಾಡಕ್ಕೆ ಹೋಗಿ ಅಣ್ಣನ ಮಗಳ ಮದುವೆ ಮುಗಿಸಿ ಬಂದರು. ಕಲ್ಯಾಣ ಮಂಟಪದ ಸ್ಟೋರ್ ರೂಮಿನಲ್ಲಿ ಮೊಳೆಗೆ ಬ್ಯಾಗು, ಕೆಳಗೆ ಲಾಡುವಿನ ಬುಟ್ಟಿ. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ತಾಸು ಮಷೀನಿಗೆ ಕಟ್ಟಿಸಿಕೊಂಡವರು ಹೀಗೆ ಹೋಗಿ ನೋಡೋಣ.

ಡೊಂಬಿವಲಿ ಫಾಸ್ಟ್:
ಅಕ್ಕ, ನಮ್ಮದು ಒಂದು ರೂಮು, ಒಂದು ಕಿಚನ್ನು, ಐದು ಜನ. ತಿಂಗಳಿಗೆ 120 ಬ್ಯಾಗು ಎಲ್ಲಿಡಲಿ? ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಾ?

ಅಕ್ಕ ಕೊಟ್ಟ ಕಿಡ್ನಿ:
ಇಬ್ಬರದೂ ತಪ್ಪು. ಬೇರೆಯವರ ಕಿಡ್ನಿ ಹಾಕಿಸಿ, ಟ್ರಾನ್ಸ್‌ಪ್ಲಾಂಟ್ ಮಾಡಿಸಿ, ಮುಗೀತು. ನನಗೆ ಏಳು ವರ್ಷ ಆಯಿತು. ಮೊದಲು ಹೆಂಡತಿಯ ತಮ್ಮ ಕೊಡುತ್ತೇನೆ ಅಂದ. ಕಾನೂನಿನ ಲೆಕ್ಕದಲ್ಲಿ ಅವನು ಹತ್ತಿರದ ಸಂಬಂಧಿಯೇ ಅಲ್ಲ. ಗಂಡ ಹೆಂಡತಿ, ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದವರು, 2011ರ ತಿದ್ದುಪಡಿಯಿಂದ ಅಜ್ಜ ಅಜ್ಜಿ ಮೊಮ್ಮಕ್ಕಳು, ಅಷ್ಟೇ. ಉಳಿದವರು ಸಮಿತಿಯ ಒಪ್ಪಿಗೆ ತರಬೇಕು. ಮೂರು ತಿಂಗಳು ಕಾಗದಪತ್ರ ಓಡಾಡಿಸಿದೆ. ಇಂಟರ್‌ವ್ಯೂ ನಾಳೆ ಅನ್ನುವಾಗ ಅವನ ಹೆಂಡತಿ ಫೋನಿನಲ್ಲಿ ಅತ್ತಳು, ಅವನು ಹಿಂದೆ ಸರಿದ. ಈಗಲೂ ನಮ್ಮ ಮನೆಗೆ ಬರುವುದಿಲ್ಲ. ಆಮೇಲೆ ನನ್ನ ಅಕ್ಕ ಕೊಟ್ಟಳು. ಖರ್ಚು 8.4 ಲಕ್ಷ. ಮಹಾರಾಷ್ಟ್ರ ಸರ್ಕಾರದ ಫುಲೆ ಜನ ಆರೋಗ್ಯ ಯೋಜನೆಯಿಂದ ಆಗ 2.5 ಲಕ್ಷ ಬಂತು. 2023ರಲ್ಲಿ ಅದನ್ನು 4.5 ಲಕ್ಷ ಮಾಡಿದರು, ನನ್ನ ಹಣೆಬರಹ! ದೇಹ ಹೊಸ ಕಿಡ್ನಿಯನ್ನು ತಳ್ಳಿಹಾಕದ ಹಾಗೆ ನುಂಗುವ ಮಾತ್ರೆಗಳು, ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್ ಎಲ್ಲ ಸೇರಿ ತಿಂಗಳಿಗೆ 13,400, ಜೀವನಪೂರ್ತಿ.

ಕೊಟ್ಟವಳು:
"ಮುಗೀತು" ಅಂದಿರಾ? ಕೊಟ್ಟವರನ್ನು ಕೇಳಿ. ನಾನು 2016ರಲ್ಲಿ ಗಂಡನಿಗೆ ಕೊಟ್ಟೆ. ಅವರ ಬೆನ್ನಿಗೆ ಬಿದ್ದ ತಮ್ಮಂದಿರು ಇಬ್ಬರಿದ್ದರು. ಒಬ್ಬನಿಗೆ ದಿಢೀರನೆ ಬಿಪಿ ಬಂತು, ಇನ್ನೊಬ್ಬನಿಗೆ ದುಬೈ ಕೆಲಸ ಬಂತು. ಕೊಟ್ಟದ್ದಕ್ಕೆ ಬೇಜಾರಿಲ್ಲ. ಆದರೆ ನನಗೂ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ನೋಡಿಸಬೇಕು. ಅವರ ಮಾತ್ರೆಗೆ ಮನೆಯ ಮೂರು ಫೋನಿನಲ್ಲಿ ಅಲಾರಂ ಇದೆ. ನನ್ನ ಟೆಸ್ಟಿಗೆ ಒಂದರಲ್ಲೂ ಇಲ್ಲ.

ಅಕ್ಕ ಕೊಟ್ಟ ಕಿಡ್ನಿ:
ನನ್ನ ಅಕ್ಕನನ್ನು ಪ್ರತಿ ವರ್ಷ ನಾನೇ ಕರೆದುಕೊಂಡು ಹೋಗುತ್ತೇನೆ ಮೇಡಂ. ನಿಮ್ಮ ಮನೆಯ ಜಗಳಕ್ಕೆ ನಮ್ಮನ್ನು ಎಳೆಯಬೇಡಿ.

ಹಡಪ್ಸರ್ ಅಕ್ಕ:
ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನೀವೇ ದೊಡ್ಡದಾಗಿ ಟ್ರಾನ್ಸ್‌ಪ್ಲಾಂಟ್ ಮಾಡಿಸಿ ಅಂದಿರಿ. ನಮ್ಮವರ ಹಾರ್ಟ್ ದುರ್ಬಲ, ಪಂಪಿಂಗ್ ಬರೀ ಶೇ. 30. ಎರಡು ಆಸ್ಪತ್ರೆಗಳು ಆಗುವುದಿಲ್ಲ ಅಂದವು. ಮಾಡಿಸದವರೆಲ್ಲ ಜುಗ್ಗರೂ ಅಲ್ಲ, ಪುಕ್ಕಲರೂ ಅಲ್ಲ.

ವಾಸ್ಕೋ ಬಂದರು:
ಕಷಾಯ ಅಂದರಲ್ಲ, ಅದಕ್ಕೆ ಬರೆಯುತ್ತಿದ್ದೇನೆ ತಮ್ಮಾ. ನಾನು ಬಾಗಲಕೋಟೆ ಕಡೆಯವನು, ಗೋವಾದ ಝುವಾರಿನಗರಕ್ಕೆ ಬಂದು 22 ವರ್ಷ. ಲೋಡಿಂಗ್ ಕೆಲಸ. ಸೊಂಟ ನೋವಿಗೆ ಡೈಕ್ಲೋಫಿನ್ಯಾಕ್ ಮಾತ್ರೆ, ದಿನಕ್ಕೆ ಎರಡು, ಆರು ವರ್ಷ. ಅದು ಕಿಡ್ನಿ ಕೆಡಿಸುತ್ತದೆ ಅಂತ ಗೊತ್ತಿರಲಿಲ್ಲ. ಮೆಡಿಕಲ್ ಅಂಗಡಿಯವನು ನನ್ನ ಮುಖ ಕಂಡರೆ ಸಾಕು, ಸ್ಟ್ರಿಪ್ ಕತ್ತರಿಸುತ್ತಿದ್ದ. ಬಿಪಿ ನೋಡಿಸಿದವನೇ ಅಲ್ಲ. ಕಾಲು ಬಾತು ಚಪ್ಪಲಿ ಹಿಡಿಸದಾದಾಗ ಟೆಸ್ಟು, ಕ್ರಿಯಾಟಿನಿನ್ 3.1. ಆಗಲೂ ಡಾಕ್ಟರ ಮಾತು ಬಿಟ್ಟು ಊರಿನ ಪುಡಿ ನುಂಗಿದೆ. ನಲವತ್ತು ದಿನಕ್ಕೆ 7.9. ಪುಡಿಗೆ ಸುರಿದದ್ದು 18,000. ಪುಡಿ ಕೊಟ್ಟವನು "ಪಥ್ಯ ತಪ್ಪಿಸಿದ್ದೀ" ಅಂದ. ಈಗ ಸರ್ಕಾರಿ ಡಯಾಲಿಸಿಸ್, ಅದಕ್ಕೆ ದುಡ್ಡಿಲ್ಲ. ವಾರಕ್ಕೆ ಮೂರು ದಿನದ ಕೂಲಿ ಹೋಗುತ್ತದಲ್ಲ, ಅದನ್ನು ಯಾವ ಕಾರ್ಡೂ ಕೊಡುವುದಿಲ್ಲ.

ಮಾಟುಂಗಾ ಮಾವ:
ಇಷ್ಟೆಲ್ಲ ಯಾಕೆ ಮಾರಾಯ್ರೇ? ದಿನಾ ಒಂದು ಎಳನೀರು, ಸಂಜೆ ದಾರೆಹುಳಿ (ಸ್ಟಾರ್‌ಫ್ರೂಟ್) ಜ್ಯೂಸು. ನನ್ನ ಕಿಡ್ನಿ ಕಲ್ಲು ಹಾಗೇ ಹೋಯಿತು.

ಡೊಂಬಿವಲಿ ಫಾಸ್ಟ್:
ಮಾವ, ಕಲ್ಲೇ ಬೇರೆ, ಕಿಡ್ನಿ ಫೇಲೇ ಬೇರೆ. ಒಂದು ಮೇ ತಿಂಗಳು ಸೆಖೆ ತಡೆಯದೆ ಎರಡು ಎಳನೀರು ಕುಡಿದೆ. ಅದರ ಪೊಟ್ಯಾಶಿಯಂ ರಕ್ತದಲ್ಲೇ ಉಳಿದು 7.1ಕ್ಕೆ ಏರಿ ಕಾಲು ಎತ್ತಲು ಆಗಲಿಲ್ಲ. ರಾತ್ರಿ ಎರಡಕ್ಕೆ ಎಮರ್ಜೆನ್ಸಿ ಡಯಾಲಿಸಿಸ್, 6,200. ದಾರೆಹುಳಿಯಂತೂ ನಮ್ಮಂಥವರಿಗೆ ವಿಷ. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್ ಬರುತ್ತದೆ, ಜೀವವೂ ಹೋಗಬಹುದು. ಆ ಹುಡುಗನ ಅಪ್ಪನಿಗೆ ಕುಡಿಸಿಬಿಟ್ಟೀರಿ!

ಮಾಟುಂಗಾ ಮಾವ:
ನನ್ನಜ್ಜಿ ದಾರೆಹುಳಿ ಉಪ್ಪಿನಕಾಯಿ ತಿಂದೇ 91 ಬದುಕಿದ್ದು.

ಡೊಂಬಿವಲಿ ಫಾಸ್ಟ್:
ಅಜ್ಜಿಯ ಕಿಡ್ನಿ ಕೆಲಸ ಮಾಡುತ್ತಿತ್ತು!

ಕೊಟ್ಟವಳು:
ಉಪ್ಪಿನಕಾಯಿ ಹಾಕುವುದು ಬಿಂಬುಳಿಯದ್ದು ಅಲ್ವಾ? ನಕ್ಷತ್ರದ ಹಾಗೆ ಕತ್ತರಿಸಲು ಬರುವುದು ದಾರೆಹುಳಿ.

ಮಾಟುಂಗಾ ಮಾವ:
ನನಗೆ ಹುಳಿ ಕಲಿಸಬೇಡಿ. ನಾನು ಕಾರ್ಕಳದವನು.

ಮುಲುಂಡ್ ಮಗ:
ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಡೈರಿಯ ಲೆಕ್ಕ ಬಂದಾಗ "ಎಷ್ಟು ಅಂದ? ಇನ್ನೊಮ್ಮೆ ಓದು" ಅಂದರು. ಸೋಮವಾರ ಫಿಸ್ಟುಲಾಗೆ ಕೈಯ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್. ಇವತ್ತು ಲ್ಯಾಬಿನ ಹುಡುಗಿ ರಕ್ತಕ್ಕೆ ಎಡಗೈ ಹಿಡಿದಾಗ ಫಿಸ್ಟುಲಾದ ಕೈಗೆ ಸೂಜಿ ಬೇಡ ಅಂತ ಅವರೇ ಎಳೆದುಕೊಂಡು ಬಲಗೈ ಕೊಟ್ಟರು. ಮುಲುಂಡ್, ಭಾಂಡುಪ್ ಕಡೆ ರಾತ್ರಿ ಪಾಳಿಯ ಡಯಾಲಿಸಿಸ್ ಸೆಂಟರ್ ಇದ್ದರೆ ಹೇಳಿ. ಕ್ಯಾಂಟೀನು ಮುಚ್ಚುವುದು ಒಂಬತ್ತಕ್ಕೆ.

ಮಾಟುಂಗಾ ಮಾವ:
ನಾಳೆ ಮಾರ್ಕೆಟಿನಿಂದ ಎರಡೂ ತಂದು ಫೋಟೋ ಹಾಕುತ್ತೇನೆ. ಬಿಂಬುಳಿ ಯಾವುದು ಅಂತ ಆಗ ಮಾತಾಡಿ.