ಮೊದಲ ಶಿಕಾರಿ ರೈಫಲ್: .243, 6.5 ಕ್ರೀಡ್‌ಮೂರ್, .308, ಇವುಗಳಲ್ಲಿ ಯಾವುದು?

ಹೊಸಕೋವಿ:

ಎಲ್ಲರಿಗೂ ನಮಸ್ಕಾರ. ಲೈಸೆನ್ಸ್ ಕೈಗೆ ಬಂದಿದೆ, ಸುರಕ್ಷತಾ ತರಬೇತಿಯೂ ಮುಗಿದಿದೆ. ಈಗ ರೈಫಲ್ ಆರಿಸಬೇಕು. ಇಷ್ಟರವರೆಗೆ ಹೊಡೆದಿರುವುದು .22 ಮಾತ್ರ. ಮುಖ್ಯವಾಗಿ ಜಿಂಕೆ (60ರಿಂದ 100 ಕೆಜಿ ತೂಕದವು), ಯಾವಾಗಲಾದರೊಮ್ಮೆ ಕಾಡುಹಂದಿ. ಅರ್ಧ ಕಾಡು, ಅರ್ಧ ಬಯಲು. 200 ಮೀಟರಿನಾಚೆ ಹೊಡೆಯುವ ಯೋಚನೆಯಿಲ್ಲ. ನಾನು ಸಣ್ಣ ಆಳು, 58 ಕೆಜಿ.

ಪಟ್ಟಿಯಲ್ಲಿರುವ ಕ್ಯಾಲಿಬರುಗಳು (ತೋಟಾ ಮತ್ತು ನಳಿಗೆಯ ಅಳತೆಯ ಹೆಸರುಗಳು) .243, 6.5 ಕ್ರೀಡ್‌ಮೂರ್, .308. ಒಬ್ಬರು .30-06 ಅನ್ನುತ್ತಾರೆ, ಇನ್ನೊಬ್ಬರು “ತಗೊಂಡರೆ .300 ವಿಂಚೆಸ್ಟರ್ ಮ್ಯಾಗ್ನಮ್ಮೇ ತಗೋ, ಮುಂದೆ ದೊಡ್ಡ ಮಿಗಕ್ಕೂ ಆಗುತ್ತೆ” ಅನ್ನುತ್ತಾರೆ. ಒಂದೇ ರೈಫಲ್ ಇಟ್ಟುಕೊಳ್ಳುವವನಿಗೆ ಏನು ಹೇಳುತ್ತೀರಿ? ಬೋಲ್ಟ್ ಆ್ಯಕ್ಷನ್ (ಪ್ರತಿ ತೋಟಾಕ್ಕೂ ಬೋಲ್ಟನ್ನು ಕೈಯಿಂದ ಹಿಂದೆಮುಂದೆ ಎಳೆಯುವಂಥದ್ದು) ಅಂತ ಮಾತ್ರ ಗಟ್ಟಿಮಾಡಿಕೊಂಡಿದ್ದೇನೆ.

ಗ್ರೇನ್‌ಲೆಕ್ಕ:

ಮ್ಯಾಗ್ನಮ್ ಮಾತು ಮೊದಲು ಮುಗಿಸಿಬಿಡೋಣ. ಬೇಡ. ಗುಂಡಿನ ಶಕ್ತಿ ನೋಡುವ ಮೊದಲು ಕೋವಿ ಎಷ್ಟು ಒದೆಯುತ್ತದೆ ನೋಡಿ. ಸ್ಕೋಪ್ ಸೇರಿ 3.4 ಕೆಜಿ ತೂಗುವ ರೈಫಲ್ ಹಿಡಿದರೆ ಒದೆತ ಅಂದಾಜು ಹೀಗಿರುತ್ತದೆ: .243ಕ್ಕೆ 9–10 ಅಡಿ-ಪೌಂಡ್ (ಶಕ್ತಿಯ ಅಳತೆ), 6.5 ಕ್ರೀಡ್‌ಮೂರ್‌ಗೆ 12–13, 7ಎಂಎಂ-08ಕ್ಕೆ 14ರ ಆಸುಪಾಸು, .308ಕ್ಕೆ 17, .30-06ಕ್ಕೆ 20, .300 ಮ್ಯಾಗ್ನಮ್‌ಗೆ 27ರ ಮೇಲೆ. .22ರಿಂದ ನೇರ ಬರುವವರಿಗೆ 15ರ ಒಳಗಿನದು ಬೇಗ ರೂಢಿಯಾಗುತ್ತದೆ. 20 ದಾಟಿದ ಮೇಲೆ ಹತ್ತನೇ ತೋಟಾದ ಹೊತ್ತಿಗೆ ಕಣ್ಣು ತಾನೇ ಮುಚ್ಚತೊಡಗುತ್ತದೆ. ಅದು ಧೈರ್ಯದ ಪ್ರಶ್ನೆಯಲ್ಲ, ಮೈಯ ಸ್ವಭಾವ.

ಇನ್ನು ಶಕ್ತಿ. ಕಾರ್ಖಾನೆ ತೋಟಾಗಳಲ್ಲಿ .243ರ 100 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 2960 ಅಡಿ ವೇಗ, ಅಂದರೆ 1945 ಅಡಿ-ಪೌಂಡ್. 6.5 ಕ್ರೀಡ್‌ಮೂರ್‌ನ 143 ಗ್ರೇನ್ 2700 ಅಡಿಗೆ 2315. .308ರ 150 ಗ್ರೇನ್ 2820 ಅಡಿಗೆ 2650. ಜಿಂಕೆಗೆ ಗುಂಡು ತಾಗುವಲ್ಲಿ 1000 ಅಡಿ-ಪೌಂಡ್ ಉಳಿದಿರಲಿ ಎನ್ನುವುದು ಹಳೆಯ ರೂಢಿಯ ಲೆಕ್ಕ. 200 ಮೀಟರಿನಲ್ಲಿ ಈ ಮೂರೂ ಅದನ್ನು ಸಲೀಸಾಗಿ ದಾಟುತ್ತವೆ. ಹಾಗಾದರೆ ವ್ಯತ್ಯಾಸ ಎಲ್ಲಿ?

ಎಡವಟ್ಟಾದಾಗ. .243ರ ಗುಂಡು ಹಗುರ. ಪಕ್ಕೆಲುಬಿನ ಹಿಂದೆ ಶ್ವಾಸಕೋಶಕ್ಕೆ ಕೂತರೆ ಯಾವ ತಕರಾರೂ ಇಲ್ಲ. ಆದರೆ ಮಿಗ ಓರೆಯಾಗಿ ನಿಂತಿದ್ದು ಗುಂಡು ಹೆಗಲ ಮೂಳೆಗೆ ಬಿದ್ದರೆ, ಅದರಲ್ಲೂ ಮೆತ್ತನೆ ಗುಂಡಾದರೆ, ಒಳಗೇ ಒಡೆದು ನಿಂತುಬಿಡಬಹುದು. ಆಚೆ ತೂತಿಲ್ಲದಿದ್ದರೆ ನೆತ್ತರ ಜಾಡೂ ಕಡಿಮೆ. ದೊಡ್ಡ ಹಂದಿಯ ಹೆಗಲ ಮೇಲಿನ ದಪ್ಪ ಚರ್ಮಕ್ಕೂ ಇದೇ ಮಾತು. ಹಂದಿಯೂ ಲೆಕ್ಕದಲ್ಲಿದೆ ಅಂದಿದ್ದೀರಿ, ಹಾಗಾಗಿ .243 ಕೆಳಗಿಡಿ, 6.5 ಕ್ರೀಡ್‌ಮೂರ್ ಅಥವಾ 7ಎಂಎಂ-08 ನೋಡಿ. ಎರಡನೆಯದು ನಿಮ್ಮ ಪಟ್ಟಿಯಲ್ಲೇ ಇಲ್ಲ, ಅದೊಂದು ಬೇಜಾರು. .308ರ ಕವಚವನ್ನೇ 7ಎಂಎಂಗೆ ಕುತ್ತಿಗೆ ಕಿರಿದು ಮಾಡಿದ್ದು, 1980ರಲ್ಲಿ ರೆಮಿಂಗ್ಟನ್ ಕಂಪನಿ ತಂದದ್ದು. 140 ಗ್ರೇನ್ ಗುಂಡು 2800 ಅಡಿಯಲ್ಲಿ ಹೋಗುತ್ತದೆ, ಒದೆತ ಮಾತ್ರ .308ಕ್ಕಿಂತ ಎದ್ದು ಕಾಣುವಷ್ಟು ಕಡಿಮೆ.

ಕೆಲವು ಕಡೆ ಕಾನೂನೇ ಕನಿಷ್ಠ ಮಿತಿ ಹಾಕಿರುತ್ತದೆ. ಇಂಗ್ಲೆಂಡಿನಲ್ಲಿ ದೊಡ್ಡ ಜಾತಿಯ ಜಿಂಕೆಗಳಿಗೆ .240 ಇಂಚಿಗಿಂತ ಕಿರಿದಾದ ನಳಿಗೆ ನಡೆಯುವುದಿಲ್ಲ, ನಳಿಗೆ ಬಾಯಲ್ಲಿ 1700 ಅಡಿ-ಪೌಂಡ್ ಇರಲೇಬೇಕು. ನೀವು ಬೇಟೆಯಾಡುವಲ್ಲಿನ ನಿಯಮ ಓದಿಕೊಂಡೇ ಕ್ಯಾಲಿಬರ್ ಗಟ್ಟಿಮಾಡಿ.

ಹಳೇಹಿಡಿ:

ಮೇಲಿನದಕ್ಕೆ ಒಂದು ತಕರಾರು. 7ಎಂಎಂ-08 ಒಳ್ಳೆಯ ತೋಟಾವೇ, ಆದರೆ ಎಷ್ಟು ಅಂಗಡಿಯ ಕಪಾಟಿನಲ್ಲಿ ನಾಲ್ಕು ಬಗೆಯ ಪೆಟ್ಟಿಗೆ ಸಿಗುತ್ತದೆ? .308 (1952) ಮತ್ತು .30-06 (1906) ಹುಟ್ಟಿದ್ದೇ ಸೈನ್ಯದ ನಂಟಿನಲ್ಲಿ, ಅದಕ್ಕೇ ಎಲ್ಲೆಡೆ ಬೇರುಬಿಟ್ಟಿವೆ. ಅಗ್ಗದ ಅಭ್ಯಾಸದ ತೋಟಾ ಸಿಗುವುದು ಮೊದಲ ರೈಫಲ್‌ಗೆ ಬಹಳ ಮುಖ್ಯ. ವರ್ಷಕ್ಕೆ 20 ತೋಟಾ ಹೊಡೆಯುವ 7ಎಂಎಂ-08ಗಿಂತ 200 ಹೊಡೆಯುವ .308 ಮೇಲು. ಒದೆತ ಜಾಸ್ತಿ ಅನ್ನಿಸಿದರೆ .308ರಲ್ಲೇ 125–130 ಗ್ರೇನ್‌ನ ಹಗುರ ತೋಟಾಗಳು ಸಿಗುತ್ತವೆ, ಅವುಗಳಿಂದ ಶುರುಮಾಡಬಹುದು.

.30-06ಕ್ಕೆ ಉದ್ದದ ಆ್ಯಕ್ಷನ್ (ಬೋಲ್ಟ್ ಓಡಾಡುವ ಲೋಹದ ಭಾಗ) ಬೇಕು. .308 ಮನೆತನದ ತೋಟಾ 2.8 ಇಂಚು, .30-06 ಉದ್ದ 3.34. ಬೋಲ್ಟ್ ಅರ್ಧ ಇಂಚು ಹೆಚ್ಚು ಎಳೆಯಬೇಕು. ಹೊಸಬರು ಗಡಿಬಿಡಿಯಲ್ಲಿ ಪೂರ್ತಿ ಹಿಂದೆಳೆಯದೆ ಮುಂದೆ ತಳ್ಳಿ, ಖಾಲಿ ಚೇಂಬರಿನ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡು) ಮೇಲೆ ಬೋಲ್ಟ್ ಮುಚ್ಚುವುದುಂಟು. ನಿಮ್ಮ 200 ಮೀಟರಿಗೆ ಅದರ ಹೆಚ್ಚುವರಿ ಮದ್ದು ಬೇಕೂ ಇಲ್ಲ.

ನಳಿಗೆನೋಟ:

ಕ್ಯಾಲಿಬರ್ ಚರ್ಚೆಗೆ ಕೊನೆಯಿಲ್ಲ. ರೈಫಲ್ ಮೈಗೆ ಕೂರುತ್ತದೋ ಇಲ್ಲವೋ ಎನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಟ್ರಿಗರ್‌ನಿಂದ ಸ್ಟಾಕಿನ (ಭುಜಕ್ಕೆ ಒರಗುವ ಮರದ ಅಥವಾ ಪ್ಲಾಸ್ಟಿಕ್ ಮೈ) ಹಿಂತುದಿಯವರೆಗಿನ ಅಳತೆ ಸಾಮಾನ್ಯವಾಗಿ 13.5ರಿಂದ 13.75 ಇಂಚು ಇರುತ್ತದೆ. ಸಣ್ಣ ಆಳಿಗೆ, ಅದರಲ್ಲೂ ದಪ್ಪ ಜಾಕೆಟ್ ಮೇಲೆ, ಇದು ಉದ್ದವಾಗುತ್ತದೆ. ಪರೀಕ್ಷೆ ಹೀಗೆ: ಬೋಲ್ಟ್ ತೆಗೆದು ಚೇಂಬರ್ ಖಾಲಿಯೆಂದು ಕಣ್ಣಲ್ಲೂ ಬೆರಳಲ್ಲೂ ಖಚಿತಮಾಡಿಕೊಳ್ಳಿ. ಕಣ್ಣು ಮುಚ್ಚಿ ರೈಫಲನ್ನು ಭುಜಕ್ಕೆ ತನ್ನಿ, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ತೆರೆಯಿರಿ. ಸ್ಕೋಪಿನ ವೃತ್ತ ಪೂರ್ತಿ ಬೆಳಕಾಗಿ ಕಂಡರೆ ಸರಿ. ಅಂಚಿನಲ್ಲಿ ಕರಿನೆರಳು ಬಂದು, ಕತ್ತು ಮುಂದೆ ಚಾಚಿ ಹುಡುಕಬೇಕಾದರೆ ಸ್ಟಾಕ್ ಉದ್ದ ಅಥವಾ ಸ್ಕೋಪ್ ಮುಂದಿದೆ. ಕೆನ್ನೆ ಎತ್ತಿ ಹಿಡಿಯಬೇಕಾದರೆ ಸ್ಕೋಪ್ ಎತ್ತರವಾಯಿತು, ತಗ್ಗಿನ ರಿಂಗ್ (ಸ್ಕೋಪನ್ನು ಹಿಡಿದಿಡುವ ಬಳೆ) ಹಾಕಿಸಿ. ಕೆನ್ನೆ ಒರಗದೆ ಹೊಡೆದರೆ ಒದೆತ ದವಡೆಗೆ ಬರುತ್ತದೆ. ಹೊಸಬರು ಆಗ ಬೈಯುವುದು ಕ್ಯಾಲಿಬರನ್ನು.

ಸ್ಕೋಪ್ 3-9x40 (3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 40 ಮಿ.ಮೀ. ಇರುವಂಥದ್ದು) ಸಾಕು. ಕಣ್ಣಿಗೂ ಗಾಜಿಗೂ ನಡುವೆ 9 ಸೆಂ.ಮೀ. ಆದರೂ ಅಂತರ ಕೊಡುವಂಥದ್ದಿರಲಿ, ಇಲ್ಲದಿದ್ದರೆ ಹುಬ್ಬಿನ ಮೇಲೆ ಅರ್ಧಚಂದ್ರ ಮೂಡುತ್ತದೆ. ಕಾಡಿನೊಳಗೆ 3ರಲ್ಲೇ ಇಟ್ಟು ನಡೆಯಿರಿ. 9ರಲ್ಲಿಟ್ಟು ನಡೆದವರಿಗೆ 20 ಮೀಟರಿನಲ್ಲಿ ಎದ್ದ ಜಿಂಕೆಯ ಬದಲು ಬರೀ ಕಂದು ಕೂದಲು ಕಾಣುತ್ತದೆ. ಹಣ ಭಾಗ ಮಾಡುವಾಗ ರೈಫಲಿನಲ್ಲಿ ಉಳಿಸಿ ಸ್ಕೋಪ್ ಮತ್ತು ಮೌಂಟಿಗೆ ಹಾಕಿ. ಇವತ್ತಿನ ಸಾದಾ ಬೋಲ್ಟ್ ರೈಫಲುಗಳೂ ನಿಮ್ಮ ಕೆಲಸಕ್ಕೆ ಬೇಕಾದ್ದಕ್ಕಿಂತ ಚೆನ್ನಾಗಿಯೇ ಗುಂಪು ಕೂರಿಸುತ್ತವೆ (ಗುಂಡುಗಳನ್ನು ಒಂದೇ ಕಡೆ ಒತ್ತಾಗಿ ಬೀಳಿಸುತ್ತವೆ), ಅಗ್ಗದ ಸ್ಕೋಪ್ ಮಾತ್ರ ಮಂಜಿಗೆ ಒಳಗಿಂದಲೇ ಬೆವರುತ್ತದೆ.

“ರೈಫಲ್ ಗುರಿ ಹಿಡಿಯಲ್ಲ” ಎಂಬ ದೂರುಗಳಲ್ಲಿ ಬಹಳಷ್ಟು ಕೊನೆಗೆ ಸಡಿಲ ಸ್ಕ್ರೂ ಆಗಿರುತ್ತವೆ. ರಿಂಗಿನ ಸ್ಕ್ರೂ 15–18 ಇಂಚು-ಪೌಂಡ್, ಅದಕ್ಕಿಂತ ಬಿಗಿದರೆ ಸ್ಕೋಪಿನ ಕೊಳವೆ ಅದುಮಿಹೋಗುತ್ತದೆ. ಆ್ಯಕ್ಷನ್ನನ್ನು ಸ್ಟಾಕಿಗೆ ಹಿಡಿದಿಡುವ ಸ್ಕ್ರೂಗಳಿಗೆ ತಯಾರಕರು ಹೇಳಿದಷ್ಟೇ ಬಿಗಿ ಕೊಡಿ, ಅದು ಒಂದೊಂದು ರೈಫಲಿಗೆ ಒಂದೊಂದು. ಟಾರ್ಕ್ ಸ್ಕ್ರೂಡ್ರೈವರ್ ಒಂದು ಬೇಕೇ ಬೇಕು, ಕೈಯಂದಾಜು ನಂಬಬೇಡಿ.

ಇನ್ನೊಂದು: ಒಂದು ತೆಳು ಕಾಗದವನ್ನು ನಳಿಗೆ ಮತ್ತು ಸ್ಟಾಕಿನ ನಡುವೆ ತೂರಿಸಿ ಬುಡದವರೆಗೆ ಎಳೆಯಿರಿ. ಎಲ್ಲೂ ಸಿಕ್ಕಿಕೊಳ್ಳದಿದ್ದರೆ ನಳಿಗೆ ಮುಟ್ಟದೆ ನಿಂತಿದೆ ಎಂದರ್ಥ. ಮರದ ಸ್ಟಾಕಾದರೆ ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಇದನ್ನು ಮಾಡಿ. ಮರ ತೇವ ಕುಡಿದು ಉಬ್ಬಿ ನಳಿಗೆಯನ್ನು ಒಂದು ಬದಿಗೆ ಒತ್ತಿದರೆ ಗುರಿ ಅಷ್ಟು ಜರುಗುತ್ತದೆ. ಅಗ್ಗದ ಪ್ಲಾಸ್ಟಿಕ್ ಸ್ಟಾಕುಗಳದ್ದು ಬೇರೆ ಕಾಯಿಲೆ: ಸುಮ್ಮನೆ ಇದ್ದಾಗ ಕಾಗದ ಹಾಯುತ್ತದೆ, ಬೈಪಾಡ್ (ಮುಂಭಾಗಕ್ಕೆ ಕೊಡುವ ಎರಡು ಕಾಲಿನ ಆಸರೆ) ಮೇಲೆ ಭಾರ ಹಾಕಿದರೆ ಮುಂಭಾಗ ಬಾಗಿ ನಳಿಗೆಗೆ ತಾಗುತ್ತದೆ. ಎರಡೂ ರೀತಿಯಲ್ಲಿ ನೋಡಿ.

ಹೊಸಕೋವಿ:

ಬಹಳ ಉಪಕಾರ. ಇನ್ನೆರಡು ಸಂಶಯ. ಹಳೆಯ ರೈಫಲ್ ಕೊಳ್ಳಬಹುದೇ? ಕೊಂಡ ಮೇಲೆ ಗುರಿ ಕೂರಿಸುವುದನ್ನು ಎಲ್ಲಿಂದ ಶುರುಮಾಡಲಿ? ನೇರ 100 ಮೀಟರಿಗೆ ಹೋದರೆ ಕಾಗದಕ್ಕೇ ತಾಗುವುದಿಲ್ಲ ಅಂತ ಕೇಳಿದ್ದೇನೆ.

ಹಳೇಹಿಡಿ:

ಧಾರಾಳವಾಗಿ ಕೊಳ್ಳಿ. ವರ್ಷದ ಮುಕ್ಕಾಲು ಪಾಲು ಬೀರುವಿನಲ್ಲೇ ಕಳೆದ ರೈಫಲುಗಳೇ ಜಾಸ್ತಿ. ಸ್ಟಾಕಿನ ಗೀರು ಲೆಕ್ಕಕ್ಕಿಲ್ಲ, ನಳಿಗೆಯ ಬಾಯಿ ನೋಡಿ. ಗುಂಡು ಕೊನೆಗೆ ಬಿಡುವ ಅಂಚು ಅದೇ. ಹತ್ತಿ ಸುತ್ತಿದ ಕಡ್ಡಿಯನ್ನು ಆ ಅಂಚಿನ ಮೇಲೆ ಒಳಗಿಂದ ಹೊರಗೆ ಸುತ್ತ ಎಳೆಯಿರಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಏಟು ಬಿದ್ದಿದೆ. ಗುಂಡಿನ ಹಿಂದಿನ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ರಿಪೇರಿಯಾಗುವ ದೋಷವೇ, ಆದರೆ ಬೆಲೆ ಮಾತಾಡುವಾಗ ಗೊತ್ತಿರಲಿ.

ಬೋಲ್ಟ್ ತೆಗೆದು ಹಿಂದಿನಿಂದ ಬೆಳಕು ಬಿಟ್ಟು ನೋಡಿ. ನಳಿಗೆಯೊಳಗಿನ ಸುರುಳಿ ಗೆರೆಗಳ ಅಂಚು ಚೂಪಾಗಿರಬೇಕು, ಚೇಂಬರಿನ ಮುಂದೆ ಬಿಸಿಲಿಗೆ ಒಡೆದ ಕೆಸರಿನಂಥ ಬಿರುಕು ಕಂಡರೆ ಬಹಳ ತೋಟಾ ತಿಂದ ನಳಿಗೆ. ಖಾಲಿ ರೈಫಲಿನಲ್ಲಿ ಸೇಫ್ಟಿ ಹಾಕಿ ಟ್ರಿಗರ್ ಒತ್ತಿ, ಬಿಡಿ, ಆಮೇಲೆ ಸೇಫ್ಟಿ ತೆಗೆಯಿರಿ. ತೆಗೆದ ಕೂಡಲೇ “ಟಕ್” ಅಂದರೆ ಅಲ್ಲಿಗೇ ಕೈಮುಗಿದು ಹೊರಡಿ. ಖಾಲಿ ರೈಫಲಿನ ಬೋಲ್ಟ್ ಎಳೆದು ಮುಚ್ಚಿ (ಕಾಕ್ ಮಾಡಿ) ಸ್ಟಾಕಿನ ರಬ್ಬರ್ ತುದಿಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದಾಗಲೂ ಪಿನ್ ಬೀಳಬಾರದು. ಟ್ರಿಗರ್ ಭಾರ 3ರಿಂದ 4 ಪೌಂಡ್ ಇರಲಿ. ಯಾರೋ ಉಜ್ಜಿ ಒಂದೂವರೆಗೆ ಇಳಿಸಿದ್ದರೆ ಚಳಿಗೆ ಮರಗಟ್ಟಿದ ಬೆರಳಿಗೆ ಅದು ಅಪಾಯ. ಹೆಡ್‌ಸ್ಪೇಸನ್ನು (ಮುಚ್ಚಿದ ಬೋಲ್ಟಿಗೂ ಚೇಂಬರಿನಲ್ಲಿ ತೋಟಾ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ) ಗನ್‌ಸ್ಮಿತ್ ಹತ್ತಿರ ಗೇಜ್ ಹಾಕಿಸಿ ನೋಡಿಸಿ, ಅದು ಕಣ್ಣಳತೆಗೆ ಸಿಗುವಂಥದ್ದಲ್ಲ.

ನಳಿಗೆನೋಟ:

ಗುರಿ ಕೂರಿಸುವುದು 25 ಮೀಟರಿನಿಂದ. ಬೋಲ್ಟ್ ತೆಗೆದು ರೈಫಲನ್ನು ಮರಳಚೀಲದ ಮೇಲೆ ಅಲ್ಲಾಡದಂತೆ ಕೂರಿಸಿ, ನಳಿಗೆಯೊಳಗಿಂದ ಗುರಿಯ ಕಪ್ಪು ನಡುವಿಗೆ ಬರುವಂತೆ ಮಾಡಿ. ಚೀಲ ಕದಲಿಸದೆ ಸ್ಕೋಪಿನ ಕೂಡುಗೆರೆಯನ್ನೂ ಅಲ್ಲಿಗೇ ತನ್ನಿ. ಇಷ್ಟಾದರೆ ಮೊದಲ ಗುಂಡು ಕಾಗದ ಬಿಟ್ಟು ಹೋಗುವುದಿಲ್ಲ.

ಇಲ್ಲಿ ಎಲ್ಲರೂ ತಪ್ಪುವ ಲೆಕ್ಕ: ಕಾಲು ಎಂಒಎ (ಎಂಒಎ ಕೋನದ ಅಳತೆ, ಡಿಗ್ರಿಯ ಅರವತ್ತರಲ್ಲೊಂದು ಭಾಗ) ಸ್ಕೋಪಿನ ಒಂದು ಕ್ಲಿಕ್ 100 ಮೀಟರಿನಲ್ಲಿ ಸುಮಾರು 7 ಮಿ.ಮೀ. ಸರಿಸುತ್ತದೆ, 25ರಲ್ಲಿ ಅದರ ಕಾಲು ಭಾಗ ಮಾತ್ರ. ಅಂದರೆ 25ರಲ್ಲಿ 5 ಸೆಂ.ಮೀ. ಏರಿಸಲು 28 ಕ್ಲಿಕ್ ಬೇಕು. 7ನ್ನೇ ತಿರುಗಿಸಿ “ಸ್ಕೋಪ್ ಕೆಟ್ಟಿದೆ” ಅನ್ನಬೇಡಿ. 25ರಲ್ಲಿ ನಡುವಿಗೇ ತರಬೇಡಿ, ಗುಂಡು 2 ಸೆಂ.ಮೀ. ಕೆಳಗೆ ಬೀಳಲಿ. ಸ್ಕೋಪ್ ನಳಿಗೆಗಿಂತ ಮೇಲಿರುವುದರಿಂದ 100ರ ಹೊತ್ತಿಗೆ ಅದು ಹತ್ತಿರಹತ್ತಿರ ನಡುವಿಗೆ ಬರುತ್ತದೆ. ಆಮೇಲೆ 100ರಲ್ಲಿ ಮೂರು ಮೂರು ತೋಟಾ. ಮೂರರ ನಡುಬಿಂದು ನೋಡಿ ತಿರುಗಿಸಿ, ಒಂದೇ ಗುಂಡು ನೋಡಿ ತಿರುಗಿಸುವವರು ಅರ್ಧ ಪೆಟ್ಟಿಗೆ ಸುಟ್ಟರೂ ಕೂರಿಸುವುದಿಲ್ಲ. ಶಿಕಾರಿ ನಳಿಗೆ ತೆಳು, ಬಿಸಿಯಾದರೆ ಗುಂಪು ಚದುರುತ್ತದೆ. ಪ್ರತಿ ಮೂರರ ನಂತರ ಬೋಲ್ಟ್ ತೆರೆದಿಟ್ಟು ನಳಿಗೆ ಕೈಗೆ ಬೆಚ್ಚಗೆನ್ನಿಸದಷ್ಟು ಆರಲಿ.

.308ರ 150 ಗ್ರೇನನ್ನು 100 ಮೀಟರಿಗೆ ಕೂರಿಸಿದರೆ 200ರಲ್ಲಿ ಸುಮಾರು 12 ಸೆಂ.ಮೀ. ಕೆಳಗೆ ಬೀಳುತ್ತದೆ, ಕ್ರೀಡ್‌ಮೂರ್ ಹೆಚ್ಚುಕಡಿಮೆ ಅಷ್ಟೇ. 100ರಲ್ಲಿ 4–5 ಸೆಂ.ಮೀ. ಮೇಲಕ್ಕೆ ಕೂರಿಸಿಬಿಟ್ಟರೆ 200ರವರೆಗೆ ನೇರ ಹಿಡಿದು ಹೊಡೆಯಬಹುದು.

ಕಣ್ಣು ಮುಚ್ಚುವ ಚಾಳಿಗೆ ಮದ್ದು ಹೇಳಿಬಿಡುತ್ತೇನೆ. ರೇಂಜಿನಲ್ಲಿ ಜೊತೆಯವರೊಬ್ಬರು ನಿಮಗೆ ಕಾಣದಂತೆ ಒಮ್ಮೆ ನಿಜ ತೋಟಾ, ಒಮ್ಮೆ ಡಮ್ಮಿ ತುಂಬಿ ಕೊಡಲಿ. ಡಮ್ಮಿ ಬಂದಾಗ “ಟಿಕ್” ಅನ್ನುವ ಕ್ಷಣದಲ್ಲಿ ನಳಿಗೆಯ ತುದಿ ನೋಡಿ: ಹೆದರಿಕೆಯಿದ್ದರೆ ಅದು ಬೆರಳುದ್ದ ಕೆಳಗೆ ಕುಕ್ಕುತ್ತದೆ, ಭುಜ ಮುಂದೆ ನುಗ್ಗುತ್ತದೆ. ನಿಜ ತೋಟಾದಲ್ಲಿ ಒದೆತ ಇದನ್ನೆಲ್ಲ ಮುಚ್ಚಿಹಾಕುತ್ತದೆ. ತುದಿ ಕದಲದೆ ನಿಲ್ಲುವವರೆಗೆ ಡಮ್ಮಿ ಬೆರೆಸಿಯೇ ಹೊಡೆಯಿರಿ, ಒಂದು ದಿನಕ್ಕೆ 20 ತೋಟಾ ದಾಟಬೇಡಿ. ಆಮೇಲೆ ಬೆಂಚು ಬಿಟ್ಟು ಕೂತು, ಮಂಡಿಯೂರಿ, ಊರುಗೋಲಿಗೆ ಒರಗಿಸಿ. 20 ಸೆಂ.ಮೀ. ಅಗಲದ ಕಾಗದದ ತಟ್ಟೆಗೆ ಐದಕ್ಕೆ ಐದೂ ಎಷ್ಟು ದೂರದಿಂದ ಬೀಳುತ್ತದೋ ಅಷ್ಟೇ ನಿಮ್ಮ ಶಿಕಾರಿಯ ದೂರ. ಬೆಂಚಿನ ಮೇಲಿನ ಗುಂಪು ರೈಫಲಿನ ಲೆಕ್ಕ, ಇದು ನಿಮ್ಮದು.

ಗ್ರೇನ್‌ಲೆಕ್ಕ:

ಹಳೇಹಿಡಿಯವರ ತೋಟಾ ಲಭ್ಯತೆಯ ಮಾತು ಒಪ್ಪಿದೆ. 7ಎಂಎಂ-08 ಸಿಗದ ಕಡೆ 6.5 ಕ್ರೀಡ್‌ಮೂರ್ ತಗೊಳ್ಳಿ. 2007ರಲ್ಲಿ ಬಂದದ್ದಾದರೂ ಈಗ .308ರಷ್ಟೇ ಸುಲಭವಾಗಿ ಸಿಗುತ್ತದೆ, ನಿಮ್ಮ ಮೈಗೂ ಅದೇ ವಾಸಿ.

ಸೀಸದ ಗುಂಡಿಗೆ ನಿಷೇಧವಿರುವ ಕಡೆ ಹೊಡೆಯುವುದಾದರೆ (ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಎಲ್ಲ ಬೇಟೆಗೂ ಇದೆ) ತಾಮ್ರದ ಗುಂಡು ಬೇಕಾಗುತ್ತದೆ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡು ನೆಟ್ಟಗೆ ಹೋಗಲು ನಳಿಗೆಯೊಳಗಿನ ಗೆರೆಗಳ ತಿರುವು ಬಿಗಿಯಿರಬೇಕು. ಕ್ರೀಡ್‌ಮೂರ್ ನಳಿಗೆಗಳಲ್ಲಿ 8 ಇಂಚಿಗೊಂದು ತಿರುವು ಇರುವುದರಿಂದ ಚಿಂತೆಯಿಲ್ಲ. .243ರಲ್ಲಿ ಸಾಮಾನ್ಯ 10 ಇಂಚಿಗೊಂದು, ಅಲ್ಲಿ 80–85 ಗ್ರೇನಿಗೆ ಇಳಿಯಬೇಕು. ಸೀಸದಲ್ಲಿ ಬಳಸುವುದಕ್ಕಿಂತ ಒಂದು ಮೆಟ್ಟಿಲು ಹಗುರ ಗುಂಡು ಆರಿಸಿದರೆ ಆಯಿತು. ಗುಂಡು ಬದಲಿಸಿದಿರೋ, ಗುರಿ ಮತ್ತೆ ಕೂರಿಸಲೇಬೇಕು.

ತೋಟಾದ ಬುಡದ ಮೇಲಿನ ಮುದ್ರೆ ಮತ್ತು ನಳಿಗೆಯ ಮೇಲಿನ ಮುದ್ರೆ ಅಕ್ಷರಕ್ಕಕ್ಷರ ಒಂದೇ ಇರಬೇಕು. .300 ಬ್ಲ್ಯಾಕ್‌ಔಟ್ ತೋಟಾ .223 ರೈಫಲಿನ ಚೇಂಬರಿಗೆ ಇಳಿದುಬಿಡಬಹುದು, ಹೊಡೆದರೆ 7.62 ಮಿ.ಮೀ. ಗುಂಡು 5.56ರ ನಳಿಗೆಯಲ್ಲಿ ಸಿಕ್ಕಿ ಆ್ಯಕ್ಷನ್ನೇ ಒಡೆಯುತ್ತದೆ. ಎರಡು ಕ್ಯಾಲಿಬರಿನ ಪೆಟ್ಟಿಗೆ ಒಂದೇ ಚೀಲದಲ್ಲಿ ಬೇಡ.

ಹಳೇಹಿಡಿ:

ನಳಿಗೆಗೆ ಎಣ್ಣೆ ಹಚ್ಚಿಟ್ಟಿದ್ದರೆ ಹೊರಡುವ ಮುನ್ನ ಒಣಬಟ್ಟೆ ಎಳೆದು ಒರೆಸಿ, ಇಲ್ಲದಿದ್ದರೆ ಮೊದಲ ಗುಂಡು ಬೇರೆಲ್ಲೋ ಬೀಳುತ್ತದೆ. ಶಿಕಾರಿಯಲ್ಲಿ ಲೆಕ್ಕಕ್ಕೆ ಬರುವುದೇ ಆ ಮೊದಲ ಗುಂಡು. ಮಳೆ, ಕೆಸರು, ಹಿಮದಲ್ಲಿ ನಡೆಯುವಾಗ ನಳಿಗೆ ಬಾಯಿಗೆ ಒಂದು ಸುತ್ತು ಎಲೆಕ್ಟ್ರಿಕ್ ಟೇಪ್ ಅಂಟಿಸಿ. ಹೊಡೆಯುವಾಗ ತೆಗೆಯುವುದೇನೂ ಬೇಡ, ಗುಂಡಿನ ಮುಂದಿನ ಗಾಳಿಯೇ ಅದನ್ನು ಹರಿದುಬಿಡುತ್ತದೆ. ಎಡವಿ ಬಿದ್ದು ಬಾಯಿ ಮಣ್ಣಿಗೆ ತಾಗಿತು ಅನ್ನಿಸಿದರೆ ಮಾತ್ರ ತೋಟಾ ಇಳಿಸಿ, ಬೋಲ್ಟ್ ತೆಗೆದು, ಹಿಂದಿನಿಂದ ಬೆಳಕು ಕಾಣುವವರೆಗೆ ಮತ್ತೆ ತುಂಬಬೇಡಿ.